ರಸ್ತೆಯ ಕಾರು ರೇಸ್ ಟ್ರ್ಯಾಕಿಗೆ ಹೊರಡುವ ಮುನ್ನ



ಕೆಲವು ತಿಂಗಳ ಹಿಂದೆ ಸಂಘದ ಕಾರ್ಯಕ್ರಮವೊಂದು ಮುಗಿದು ಎಲ್ಲರೂ ಊಟಕ್ಕೆ ಕುಳಿತಿದ್ದಾಗ, ವಡೋದರದ ಹಿರಿಯ ಸದಸ್ಯರೊಬ್ಬರು ನನ್ನ ಪಕ್ಕಕ್ಕೆ ಬಂದು ದನಿ ತಗ್ಗಿಸಿ ಕೇಳಿದರು: "ರಾಯರೇ, ನಿಮ್ಮ ಮಗ ಕಾರನ್ನು ರೇಸ್ ಟ್ರ್ಯಾಕಿಗೆ ಒಯ್ದಿದ್ದನಂತಲ್ಲ, ನಿಜವೇ? ನಮ್ಮ ಹುಡುಗನೂ ಹಠ ಹಿಡಿದಿದ್ದಾನೆ. ಬೇಡವೆಂದರೆ ರಾತ್ರಿ ಹನ್ನೊಂದರ ಮೇಲೆ ಹೆದ್ದಾರಿಗೆ ಹೋಗುತ್ತಾನೆ. ಏನು ಮಾಡಬೇಕೋ ತಿಳಿಯದಾಗಿದೆ."

ಒಂದು ಹೋಳಿಗೆ ತಿಂದು ಮುಗಿಸುವಷ್ಟರಲ್ಲಿ ಕೊಡಬಹುದಾದ ಉತ್ತರ ಅದಾಗಿರಲಿಲ್ಲ. ಈ ಲೇಖನವೇ ಆ ಉತ್ತರ. ನಾನು ಎಂಜಿನಿಯರ್ ಅಲ್ಲ. ಓದಿದ್ದು ಕಲಾ ವಿಭಾಗದಲ್ಲಿ, ಬದುಕಿದ್ದು ಬ್ಯಾಂಕಿನ ಲೆಕ್ಕಪುಸ್ತಕಗಳ ನಡುವೆ. ಮಗನಿಗೆ ಈ ಹವ್ಯಾಸ ಅಂಟಿದ ಮೇಲೆ, ಬೇಡವೆನ್ನುವುದಕ್ಕೂ ಹೂಂ ಎನ್ನುವುದಕ್ಕೂ ಮೊದಲು ವಿಷಯವನ್ನಾದರೂ ತಿಳಿಯೋಣವೆಂದು ಗ್ಯಾರೇಜಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅನೇಕ ಭಾನುವಾರಗಳನ್ನು ಕಳೆದವನು. ಅಲ್ಲಿ ಕಲಿತದ್ದನ್ನು ನಮ್ಮಂತಹ ಇತರ ತಂದೆತಾಯಿಗಳಿಗೆ ಅರ್ಥವಾಗುವಂತೆ ಹೇಳುವುದಷ್ಟೇ ಇಲ್ಲಿನ ಉದ್ದೇಶ.

ವಿಷಯ ಕ್ಷುಲ್ಲಕವೆಂದು ಯಾರೂ ಭಾವಿಸಬಾರದು. 2023ರ ಜುಲೈ 20ರ ನಡುರಾತ್ರಿಯ ಬಳಿಕ ಅಹಮದಾಬಾದಿನ ಸರ್ಖೇಜ್-ಗಾಂಧಿನಗರ ಹೆದ್ದಾರಿಯ ಇಸ್ಕಾನ್ ಮೇಲ್ಸೇತುವೆಯಲ್ಲಿ ನಡೆದುದನ್ನು ನಾವಾರೂ ಮರೆತಿಲ್ಲ. ಅಲ್ಲಿ ಮೊದಲೇ ಆಗಿದ್ದ ಒಂದು ಅಪಘಾತವನ್ನು ನೋಡಲು ನೆರೆದಿದ್ದ ಗುಂಪಿನೊಳಕ್ಕೆ ಜಾಗ್ವಾರ್ ಕಾರೊಂದು ಅತಿವೇಗದಿಂದ ನುಗ್ಗಿ ಒಂಬತ್ತು ಜನ ಪ್ರಾಣ ಕಳೆದುಕೊಂಡರು. ಕರ್ತವ್ಯದ ಮೇಲಿದ್ದ ಪೊಲೀಸರೂ ಅವರಲ್ಲಿದ್ದರು. 2025ರ ಮಾರ್ಚ್ 13ರ ರಾತ್ರಿ, ಹೋಳಿಯ ಹೊತ್ತಿನಲ್ಲಿ, ವಡೋದರದ ಕಾರೇಲಿಬಾಗ್ ಪ್ರದೇಶದಲ್ಲಿ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಸ್ಕೂಟರುಗಳಿಗೆ ಬಡಿದು ಮಹಿಳೆಯೊಬ್ಬರು ಮೃತಪಟ್ಟರು. ಎರಡೂ ಕಡೆ ಸತ್ತವರಲ್ಲಿ ವೇಗವನ್ನು ಬಯಸಿದವರು ಒಬ್ಬರೂ ಇರಲಿಲ್ಲ.

ಟ್ರ್ಯಾಕ್ ಡೇ ಎಂದರೇನು?

ಇದು ಸ್ಪರ್ಧೆಯಲ್ಲ. ರೇಸ್ ಟ್ರ್ಯಾಕನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಪಡೆದ ಸಂಘಟಕರು, ಶುಲ್ಕ ಪಡೆದು, ಖಾಸಗಿ ಕಾರುಗಳ ಮಾಲೀಕರಿಗೆ ತಮ್ಮ ಕಾರನ್ನು ಅಲ್ಲಿ ಓಡಿಸಲು ಅವಕಾಶ ನೀಡುತ್ತಾರೆ. ಬೆಳಿಗ್ಗೆ ಸುರಕ್ಷತೆಯ ಪಾಠ ಮತ್ತು ಕಾರಿನ ತಪಾಸಣೆ ನಡೆಯುತ್ತದೆ. ಬಳಿಕ ಅನುಭವಕ್ಕೆ ತಕ್ಕಂತೆ ಗುಂಪುಗಳನ್ನು ಮಾಡಿ, ಹದಿನೈದು-ಇಪ್ಪತ್ತು ನಿಮಿಷಗಳ ಸರದಿಗಳಲ್ಲಿ ಕಾರುಗಳನ್ನು ಬಿಡುತ್ತಾರೆ. ಎದುರಿನಿಂದ ಬರುವ ವಾಹನವಿಲ್ಲ, ಅಡ್ಡ ಬರುವ ದನವಿಲ್ಲ, ರಸ್ತೆ ದಾಟುವ ಮಗುವಿಲ್ಲ. ಹಿಂದಿಕ್ಕುವುದು ನಿಗದಿತ ನೇರ ಭಾಗಗಳಲ್ಲಿ ಮಾತ್ರ, ಅದೂ ಮುಂದಿನವನು ಕೈಸನ್ನೆ ಮಾಡಿ ದಾರಿ ಕೊಟ್ಟ ಮೇಲೆ. ಬಹುಮಾನವಿಲ್ಲ, ಮೊದಲಿಗನೆಂಬ ಹೆಸರೂ ಇಲ್ಲ.

ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಬಂಧುಗಳಿಗೆ ಕಂಬಳದ ಉದಾಹರಣೆ ಸಾಕು. ಓಟದ ಕೋಣಗಳನ್ನು ಪೇಟೆಬೀದಿಯಲ್ಲಿ ಓಡಿಸುವವರು ಯಾರೂ ಇಲ್ಲ. ಅದಕ್ಕೆಂದೇ ಕೆಸರಿನ ಕರೆ ಇದೆ, ಓಟ ಮುಗಿದಾಗ ಕೋಣಗಳು ಹತ್ತಿ ನಿಲ್ಲಲು ಕರೆಯ ಕೊನೆಯಲ್ಲಿ ಮಂಜೊಟ್ಟಿಯ ಏರು ಇದೆ. ಓಡುವುದಕ್ಕೆ ಜಾಗ ಮಾಡಿದ ನಮ್ಮ ಹಿರಿಯರು ನಿಲ್ಲುವುದಕ್ಕೂ ಜಾಗ ಮಾಡಿದ್ದರು.

ಎಲ್ಲಿದೆ ಟ್ರ್ಯಾಕ್?

ಅಹಮದಾಬಾದ್, ವಡೋದರ, ಸೂರತ್ ಈ ಮೂರು ನಗರಗಳಲ್ಲಿ ಕಾರುಗಳಿಗಾಗಿ ಪೂರ್ಣ ಪ್ರಮಾಣದ ರೇಸ್ ಟ್ರ್ಯಾಕ್ ಇಲ್ಲ. ಆದರೆ ಗುಜರಾತಿಗೆ ಈ ಹವ್ಯಾಸ ಹೊಸದಲ್ಲ. ಸೌರಾಷ್ಟ್ರದ ಗೊಂಡಲ್‌ನ ಮಹಾರಾಜರು ಮದರಾಸಿನ ಹೊರವಲಯದ ಶೋಲಾವರಂಗೆ ಹೋಗಿ ರೇಸುಗಳಲ್ಲಿ ಭಾಗವಹಿಸುತ್ತಿದ್ದರು. ಶೋಲಾವರಂ ಎರಡನೆಯ ಮಹಾಯುದ್ಧದ ಕಾಲದ ವಿಮಾನ ಓಡುದಾರಿ. ಅದರ ಬದಲಿಗೆ ಇರುಂಗಾಟ್ಟುಕೋಟೈಯಲ್ಲಿ 1990ರಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಶಾಶ್ವತ ಟ್ರ್ಯಾಕ್ ಬಂದಿತು. ಅದರ ಉದ್ದ ಸುಮಾರು 3.7 ಕಿಲೋಮೀಟರ್. ಕೊಯಮತ್ತೂರಿನ ಹೊರಗೆ ಚೆಟ್ಟಿಪಾಳಯಂನಲ್ಲಿ ಎಸ್. ಕರಿವರ್ಧನ್ ಅವರ ಹೆಸರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಅದು ಸುಮಾರು ಎರಡು ಕಿಲೋಮೀಟರಿನ, ತಿರುವುಗಳೇ ಹೆಚ್ಚಿರುವ ಟ್ರ್ಯಾಕ್, ಆದ್ದರಿಂದ ಸಣ್ಣ ಕಾರುಗಳಿಗೆ ಹೇಳಿಮಾಡಿಸಿದ್ದು. ಉತ್ತರದಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಅಂತಾರಾಷ್ಟ್ರೀಯ ಸರ್ಕ್ಯೂಟ್ ಇದೆ. 2011ರ ಅಕ್ಟೋಬರ್ 30ರಂದು ಭಾರತದ ಮೊದಲ ಫಾರ್ಮುಲಾ 1 ಸ್ಪರ್ಧೆ ನಡೆದ, ಐದು ಕಿಲೋಮೀಟರಿಗೂ ಮಿಗಿಲಾದ ಟ್ರ್ಯಾಕ್ ಅದು. ನಮಗೆ ಇವೆಲ್ಲಕ್ಕಿಂತ ಸಮೀಪದಲ್ಲಿ, ಇಂದೋರ್ ಬಳಿಯ ಪೀಥಂಪುರದಲ್ಲಿ, 2021ರಲ್ಲಿ ಉದ್ಘಾಟನೆಯಾದ ನ್ಯಾಟ್ರ್ಯಾಕ್ಸ್‌ನ 11.3 ಕಿಲೋಮೀಟರ್ ಉದ್ದದ ವೇಗಪಥವಿದೆ. ಆದರೆ ಅದು ಮುಖ್ಯವಾಗಿ ವಾಹನ ತಯಾರಕರ ಪರೀಕ್ಷೆಗೆಂದು ಕಟ್ಟಿದ್ದು.

ಇಲ್ಲೊಂದು ಸ್ವಾರಸ್ಯವಿದೆ. ಅಹಮದಾಬಾದ್, ವಡೋದರ, ಸೂರತ್ ಮೂರನ್ನೂ ಬೆಸೆಯುವ 48ನೇ ರಾಷ್ಟ್ರೀಯ ಹೆದ್ದಾರಿಯೇ ಮುಂಬಯಿ, ಪುಣೆಗಳನ್ನು ದಾಟಿ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರು, ಬೆಂಗಳೂರುಗಳ ಮೂಲಕ ಚೆನ್ನೈಗೆ ಹೋಗುತ್ತದೆ. ಇರುಂಗಾಟ್ಟುಕೋಟೈ ಇರುವುದು ಆ ದಾರಿಯಲ್ಲೇ. ಬೇಸಿಗೆ ರಜೆಯಲ್ಲಿ ನಾವು ಊರಿಗೆ ಹೋಗುವ ರಸ್ತೆಯೇ ನಮ್ಮ ಹುಡುಗರಿಗೆ ಟ್ರ್ಯಾಕಿನ ರಸ್ತೆ. ಆದ್ದರಿಂದ ಕಾರಿನ ಸಿದ್ಧತೆಯಲ್ಲಿ ಒಂದು ದೊಡ್ಡ ನಿರ್ಬಂಧವಿದೆ: ಸಾವಿರಾರು ಕಿಲೋಮೀಟರ್ ಹೆದ್ದಾರಿಯಲ್ಲಿ ಹೋಗಿ, ಟ್ರ್ಯಾಕಿನಲ್ಲಿ ಓಡಿ, ಅದೇ ಕಾರು ಮತ್ತೆ ಮನೆಗೆ ಬರಬೇಕು.

ಮೊದಲು ನಿಲ್ಲುವುದನ್ನು ಕಲಿಸಿ

ಕಾರನ್ನು ಟ್ರ್ಯಾಕಿಗೆ ಸಜ್ಜುಗೊಳಿಸುವುದೆಂದರೆ ಎಂಜಿನ್ನಿನ ಶಕ್ತಿ ಹೆಚ್ಚಿಸುವುದು ಎಂದು ಹುಡುಗರೂ ತಿಳಿದಿರುತ್ತಾರೆ, ನಾನೂ ತಿಳಿದಿದ್ದೆ. ಅದು ತಪ್ಪು. ಮೊದಲ ಹಣ ಹೋಗಬೇಕಾದದ್ದು ಬ್ರೇಕಿಗೆ. ನಮ್ಮ ಊರುಗಳ ರಥೋತ್ಸವವನ್ನು ನೆನೆಯಿರಿ. ಹಗ್ಗ ಹಿಡಿದು ಎಳೆಯಲು ಸಾವಿರ ಕೈಗಳಿರುತ್ತವೆ. ಆದರೆ ಎಲ್ಲರ ಜೀವವೂ ಗಾಲಿಯ ಬಳಿ ಮರದ ತುಂಡು ಹಿಡಿದು ತೇರನ್ನು ನಿಲ್ಲಿಸುವ ಒಂದಿಬ್ಬರ ಕೈಯಲ್ಲಿರುತ್ತದೆ.

ಒಂದು ಸಣ್ಣ ಲೆಕ್ಕ. ಚಾಲಕನೂ ಸೇರಿ 1200 ಕಿಲೋ ತೂಗುವ ಕಾರು ಗಂಟೆಗೆ 150 ಕಿಲೋಮೀಟರ್ ವೇಗದಿಂದ 70ಕ್ಕೆ ಇಳಿಯುವಾಗ, ಅದು ಕಳೆದುಕೊಳ್ಳುವ ಚಲನಶಕ್ತಿಯಿಂದ 30 ಡಿಗ್ರಿಯ ಎರಡೂಮುಕ್ಕಾಲು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಬಹುದು. ಅದರ ಬಹುಪಾಲು ನಾಲ್ಕೈದು ಸೆಕೆಂಡುಗಳಲ್ಲಿ ಬ್ರೇಕಿನ ತಟ್ಟೆಗಳ ಶಾಖವಾಗುತ್ತದೆ. ಒಂದೊಂದು ಸುತ್ತಿನಲ್ಲೂ ಹಲವು ಸಲ, ಹದಿನೈದು ನಿಮಿಷ ಬಿಡುವಿಲ್ಲದೆ ಇದು ನಡೆಯುತ್ತದೆ. ವೇಗ ಎರಡು ಪಟ್ಟಾದರೆ ಈ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಊರೊಳಗಿನ ಓಡಾಟಕ್ಕೆ ಸಮರ್ಥವಾದ ಬ್ರೇಕು ಇಲ್ಲಿ ಸೋಲುವುದು ಆಶ್ಚರ್ಯವಲ್ಲ.

ಅದು ಸೋಲುವುದು ಎರಡು ಬಗೆಯಲ್ಲಿ. ಮೊದಲನೆಯದು ಬ್ರೇಕ್ ಆಯಿಲ್. ಹೆಸರು ಆಯಿಲ್ ಎಂದಿದ್ದರೂ ನಮ್ಮ ಕಾರುಗಳಲ್ಲಿರುವುದು ಗಾಳಿಯ ತೇವವನ್ನು ಹೀರುವ ಒಂದು ದ್ರವ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ಆದರೆ ನೂರಕ್ಕೆ ನಾಲ್ಕು ಪಾಲಿನಷ್ಟು ನೀರು ಸೇರಿಕೊಂಡರೆ ಆ ಮಿತಿ 155ಕ್ಕೆ ಇಳಿಯುತ್ತದೆ. ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಆಗ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಸೂರತ್ತಿನಂತಹ ಸಮುದ್ರದಂಚಿನ ಊರಿನಲ್ಲಿ ಮೂರು ಮಳೆಗಾಲ ಕಂಡ ಬ್ರೇಕ್ ಆಯಿಲ್ ನಿತ್ಯದ ಓಡಾಟದಲ್ಲಿ ಏನೂ ದೋಷ ತೋರಿಸದೆ, ಟ್ರ್ಯಾಕಿನ ಐದನೆಯ ಸುತ್ತಿನಲ್ಲಿ ಕೈಕೊಡಬಹುದು.

ನಮ್ಮ ಮನೆಯಲ್ಲಿ ಆದದ್ದು ಅದೇ. ಮಗನ ಹಳೆಯ ಫೋಕ್ಸ್‌ವ್ಯಾಗನ್ ಪೋಲೊ ಕಾರಿಗೆ ಹೊರಡುವ ಮುನ್ನ ಸರ್ವೀಸ್ ಮಾಡಿಸಿದ್ದೆವು. ಬ್ರೇಕ್ ಆಯಿಲ್ ಬದಲಿಸಿದ ಬಾಬ್ತು ಬಿಲ್ಲಿನಲ್ಲಿ ನಮೂದಾಗಿತ್ತು, ಹಣವನ್ನೂ ಕೊಟ್ಟಿದ್ದೆವು. ಟ್ರ್ಯಾಕಿನಲ್ಲಿ ಮೂರನೆಯ ಸರದಿಯ ಹೊತ್ತಿಗೆ, ನೇರ ಭಾಗದ ಕೊನೆಯಲ್ಲಿ, ಪೆಡಲ್ ಮೆತ್ತಗಾಗಿ ಕೆಳಗಿಳಿಯಿತು. ಬೆಳಗಿನ ಪಾಠದಲ್ಲಿ ಹೇಳಿದ್ದಂತೆ ಮಗ ಪೆಡಲನ್ನು ಮತ್ತೆ ಮತ್ತೆ ಒತ್ತಿ, ಗೇರ್ ಇಳಿಸಿ, ತಿರುವಿನ ಹೊರಗಿನ ಬಯಲಿಗೆ ನೇರವಾಗಿ ಕಾರನ್ನು ಬಿಟ್ಟ. ಅದು ಹುಲ್ಲು ಉತ್ತುಕೊಂಡು ಹೋಗಿ ನಿಂತಿತು. ಮೈಗೆ ಗೀರೂ ಆಗಲಿಲ್ಲ. ಅಲ್ಲಿಯೇ ದ್ರವವನ್ನು ಹೊರತೆಗೆಸಿ ನೋಡಿದರೆ ಅದು ಕಾಯಿಸಿ ಕಾಯಿಸಿ ಕಪ್ಪಾದ ಚಹಾದ ಬಣ್ಣಕ್ಕಿತ್ತು. ಹೊಸದು ತಿಳಿಜೇನಿನಂತಿರಬೇಕು. ಬಿಲ್ಲಿನಲ್ಲಿ ಬದಲಾಗಿದ್ದದ್ದು ಕಾರಿನಲ್ಲಿ ಬದಲಾಗಿರಲಿಲ್ಲ. ಮೂವತ್ತು ವರ್ಷ ವೋಚರುಗಳನ್ನು ಪರಿಶೀಲಿಸಿದ ನಾನು ಆ ಬಿಲ್ಲಿಗೆ ಕಣ್ಣುಮುಚ್ಚಿ ಹಣ ಕೊಟ್ಟಿದ್ದೆ. ಅಂದಿನಿಂದ ಬ್ರೇಕ್ ಆಯಿಲ್ ಬದಲಿಸುವಾಗ ಡಬ್ಬಿಯ ಮುಚ್ಚಳ ನಮ್ಮೆದುರೇ ಒಡೆಯಬೇಕು, ಹಳೆಯದು ಪಾರದರ್ಶಕ ಬಾಟಲಿಗೆ ಇಳಿಯಬೇಕು ಎಂಬುದು ನಮ್ಮ ಮನೆಯ ಕಾಯಿದೆ. ಟ್ರ್ಯಾಕಿಗೆಂದೇ ಸಿಗುವ, 300 ಡಿಗ್ರಿಗೂ ಮೀರಿ ತಾಳುವ ದ್ರವದ ಬೆಲೆ ಕುಟುಂಬವೊಂದರ ಹೋಟೆಲ್ ಊಟದ ಬಿಲ್ಲನ್ನು ದಾಟುವುದಿಲ್ಲ.

ಸೋಲಿನ ಎರಡನೆಯ ಬಗೆ ಬ್ರೇಕ್ ಪ್ಯಾಡಿನದು. ರಸ್ತೆಯ ಪ್ಯಾಡುಗಳನ್ನು ತಣ್ಣಗಿದ್ದಾಗಲೇ ಹಿಡಿಯುವಂತೆ, ಸದ್ದು ಮಾಡದಂತೆ ತಯಾರಿಸಿರುತ್ತಾರೆ. ಅತಿ ಕಾದಾಗ ಅವುಗಳ ಹಿಡಿತ ಜಾರುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದ್ದರೂ ಕಾರು ನಿಧಾನವಾಗದು. ಅಪ್ಪಟ ರೇಸಿನ ಪ್ಯಾಡುಗಳ ಗುಣ ಇದಕ್ಕೆ ತದ್ವಿರುದ್ಧ: ಕಾದ ಮೇಲೆ ಚೆನ್ನಾಗಿ ಹಿಡಿಯುತ್ತವೆ, ತಣ್ಣಗಿದ್ದಾಗ ಹಿಡಿಯುವುದಿಲ್ಲ. ಅಂತಹವನ್ನು ಹಾಕಿಕೊಂಡು ಬೆಳಿಗ್ಗೆ ಮಣಿನಗರದ ಗಲ್ಲಿಯಲ್ಲಿ ಹೊರಟರೆ ಮೊದಲ ತಿರುವಿನಲ್ಲೇ ಅಪಾಯ. ಆದ್ದರಿಂದ ರಸ್ತೆ ಮತ್ತು ಟ್ರ್ಯಾಕ್ ಎರಡಕ್ಕೂ ಹೊಂದುವ ಮಧ್ಯಮ ದರ್ಜೆಯ ಪ್ಯಾಡನ್ನು ಆಯ್ದು, ಹೊರಡುವ ವಾರಕ್ಕೆ ಮೊದಲೇ ಹಾಕಿಸಿ, ತಯಾರಕರು ಹೇಳಿದ ಕ್ರಮದಲ್ಲಿ ತಟ್ಟೆಯೊಡನೆ ಪಳಗಿಸಬೇಕು. ತಟ್ಟೆಯ ಕನಿಷ್ಠ ದಪ್ಪವನ್ನು ಅದರ ಮೇಲೆಯೇ ಕೆತ್ತಿರುತ್ತಾರೆ, ಅಳೆಸಿ ನೋಡಬೇಕು.

ಪ್ರತಿ ಸರದಿಯ ಕೊನೆಯ ಸುತ್ತನ್ನು ಬ್ರೇಕು ಹೆಚ್ಚು ಬಳಸದೆ ನಿಧಾನವಾಗಿ ಮುಗಿಸಬೇಕು. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯದೆ ಕಾರನ್ನು ಗೇರಿನಲ್ಲಿ ಬಿಡಬೇಕು. ಕಾದ ಪ್ಯಾಡು ಕಾದ ಲೋಹಕ್ಕೆ ಒತ್ತಿಕೊಂಡೇ ತಣ್ಣಗಾಗುವುದು ಒಳ್ಳೆಯದಲ್ಲ.

ಟೈರಿನ ವಿಚಾರ

ಬ್ರೇಕು ಗಾಲಿಯನ್ನು ನಿಲ್ಲಿಸುತ್ತದೆ, ಕಾರನ್ನು ನಿಲ್ಲಿಸುವುದು ಟೈರು. ನಾಲ್ಕು ಅಂಗೈಗಳಷ್ಟು ಅಗಲದ ರಬ್ಬರು ನೆಲಕ್ಕೆ ತಾಗಿರುತ್ತದೆ, ಅಷ್ಟೇ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಕೊನೆಯ ನಾಲ್ಕು ಅಂಕಿಗಳನ್ನು ಓದುವುದನ್ನು ಎಲ್ಲರೂ ಕಲಿಯಬೇಕು. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಗೀರುಗಳು ಆಳವಾಗಿ ಕಂಡರೂ ಐದಾರು ವರ್ಷ ಗುಜರಾತಿನ ಬಿಸಿಲು ತಿಂದ ರಬ್ಬರು ಗಡುಸಾಗಿರುತ್ತದೆ. ಅಂತಹ ಟೈರಿನಲ್ಲಿ ಟ್ರ್ಯಾಕಿಗೆ ಇಳಿಯಬಾರದು.

ಇನ್ನು ಗಾಳಿ. ಟೈರು ಕಾದಂತೆ ಒಳಗಿನ ಒತ್ತಡ ಏರುತ್ತದೆ. ಪ್ರತಿ ಆರು ಡಿಗ್ರಿ ಶಾಖಕ್ಕೆ ಸುಮಾರು 1 ಪಿಎಸ್ಐ. ಮೊದಲ ಸರದಿ ಮುಗಿಯುವಾಗ 32 ಇದ್ದದ್ದು 38 ಆಗಿರಬಹುದು. ಆಗ ಟೈರು ಉಬ್ಬಿ ನೆಲಕ್ಕೆ ತಾಗುವ ಭಾಗ ಕುಗ್ಗುತ್ತದೆ, ಕಾರು ಜಾರತೊಡಗುತ್ತದೆ. ಆದ್ದರಿಂದ ಹುಡುಗರ ಚೀಲದಲ್ಲಿ ಒಳ್ಳೆಯ ಗಾಳಿಮಾಪಕವಿರಬೇಕು. ಸರದಿ ಮುಗಿದ ಕೂಡಲೇ, ಬಿಸಿಯಿರುವಾಗಲೇ, ನಾಲ್ಕೂ ಗಾಲಿಗಳನ್ನು ಅಳೆದು ಪುಸ್ತಕದಲ್ಲಿ ಬರೆದು, ಏರಿದ ಒತ್ತಡವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಸಂಜೆ ಹೆದ್ದಾರಿಗೆ ಮರಳುವ ಮುನ್ನ ಮತ್ತೆ ಕಂಪನಿ ಹೇಳಿದ ಪ್ರಮಾಣಕ್ಕೆ ಗಾಳಿ ತುಂಬಿಸುವುದನ್ನು ಮರೆಯಬಾರದು. ಕಡಿಮೆ ಗಾಳಿಯ ಟೈರು ತುಂಬಿದ ಲಗೇಜಿನೊಡನೆ ಹೆದ್ದಾರಿಯಲ್ಲಿ ಸಿಡಿಯುವ ಅಪಾಯ ಟ್ರ್ಯಾಕಿನ ಅಪಾಯಕ್ಕಿಂತ ದೊಡ್ಡದು.

ಗಾಲಿಯ ಓರೆ, ಕಾರಿನ ಎತ್ತರ

ಓಡುವ ಹುಡುಗ ತಿರುವಿನಲ್ಲಿ ಒಳಕ್ಕೆ ವಾಲುತ್ತಾನೆ. ಕಾರು ಹಾಗಲ್ಲ, ಅದು ಹೊರಕ್ಕೆ ವಾಲುತ್ತದೆ. ಆಗ ಹೊರಗಿನ ಮುಂಗಾಲಿ ತನ್ನ ಅಂಚಿನ ಮೇಲೆ ನಿಲ್ಲುತ್ತದೆ. ಇದನ್ನು ಸರಿದೂಗಿಸಲು ಗಾಲಿಯ ತಲೆಯನ್ನು ಮೊದಲೇ ಸ್ವಲ್ಪ ಒಳಕ್ಕೆ ಓರೆಯಾಗಿಸುತ್ತಾರೆ. ಇದಕ್ಕೆ ನೆಗೆಟಿವ್ ಕ್ಯಾಂಬರ್ ಎನ್ನುತ್ತಾರೆ. ಟ್ರ್ಯಾಕಿಗಷ್ಟೇ ಮೀಸಲಾದ ಕಾರುಗಳಲ್ಲಿ ಎರಡರಿಂದ ಮೂರು ಡಿಗ್ರಿಯವರೆಗೂ ಇಡುವುದುಂಟು. ಹೆದ್ದಾರಿಯಲ್ಲಿ ಹೋಗಿ ಬರಬೇಕಾದ ನಮ್ಮ ಕಾರಿಗೆ ಒಂದೂವರೆ ಡಿಗ್ರಿ ಸಾಕು, ಇಲ್ಲವಾದರೆ ಟೈರಿನ ಒಳ ಅಂಚು ಬೇಗ ಸವೆಯುತ್ತದೆ. ಅನೇಕ ಸಣ್ಣ ಕಾರುಗಳಲ್ಲಿ ಇದನ್ನು ಹೊಂದಿಸುವ ಸೌಲಭ್ಯವೇ ಇರುವುದಿಲ್ಲ. ಮೊದಲ ಸಲ ಹೋಗುವವರು ಕಂಪನಿಯ ಅಳತೆಗೆ ಸರಿಯಾಗಿ ಅಲೈನ್‌ಮೆಂಟ್ ಮಾಡಿಸಿಕೊಂಡು ಹೋದರೆ ಸಾಕು.

ಶಾಕ್ ಅಬ್ಸಾರ್ಬರುಗಳಲ್ಲಿ ಎಣ್ಣೆ ಸೋರುತ್ತಿದ್ದರೆ ಬದಲಿಸಬೇಕು. ಗಡುಸು ಸ್ಪ್ರಿಂಗ್ ಹಾಕಿ ಕಾರನ್ನು ತಗ್ಗಿಸುವ ಆಸೆ ಮಾತ್ರ ಸದ್ಯಕ್ಕೆ ಬೇಡ. ನಮ್ಮ ಸೊಸೈಟಿಗಳ ಗೇಟಿನ ಮುಂದಿನ ರೋಡ್ ಹಂಪುಗಳನ್ನು ಬಲ್ಲವರಿಗೆ ಕಾರಣ ಹೇಳಬೇಕಾಗಿಲ್ಲ. ಅಲ್ಲದೆ ತಗ್ಗಿಸಿದ ಸ್ಪ್ರಿಂಗಿಗೆ ಹೊಂದದ ಶಾಕ್ ಅಬ್ಸಾರ್ಬರ್ ಇದ್ದರೆ ಕಾರು ಕಂಪನಿಯ ಸ್ಥಿತಿಗಿಂತಲೂ ಕೆಟ್ಟದಾಗಿ ನಡೆಯುತ್ತದೆ.

ಎಂಜಿನ್ ಕೊನೆಗೆ

ಎಂಜಿನ್ನಿಗೆ ಹೊಸ ಶಕ್ತಿ ಬೇಡ, ಇರುವ ಶಕ್ತಿಗೆ ಆರೋಗ್ಯ ಬೇಕು. ಉದ್ದನೆಯ ತಿರುವುಗಳಲ್ಲಿ ಎಂಜಿನ್ ಆಯಿಲ್ ತಳದ ತೊಟ್ಟಿಯ ಒಂದು ಬದಿಗೆ ಸರಿಯುತ್ತದೆ. ಮಟ್ಟ ಕಡಿಮೆಯಿದ್ದರೆ ಪಂಪಿಗೆ ಆಯಿಲ್ ಸಿಗದೆ ಒಳಭಾಗಗಳು ಒಣಗಿ ಉಜ್ಜುತ್ತವೆ. ಆದ್ದರಿಂದ ಹೊಸ ಆಯಿಲ್ ಹಾಕಿಸಿ, ಮಟ್ಟವನ್ನು ಕಡ್ಡಿಯ ಮೇಲಿನ ಗೆರೆಗೆ ಇಟ್ಟು, ಪ್ರತಿ ಸರದಿಯ ಬಳಿಕ ನೋಡಬೇಕು. ಪೆಟ್ರೋಲನ್ನೂ ತೀರಾ ತಳಕ್ಕೆ ಬಿಡಬಾರದು, ಅದಕ್ಕೂ ಇದೇ ಕಾರಣ. ಕೂಲೆಂಟ್ ಕೊಳವೆಗಳು, ಅವುಗಳ ಕ್ಲಿಪ್ಪುಗಳು, ಬ್ಯಾಟರಿಯ ಹಿಡಿಕೆ ಇವುಗಳನ್ನು ಕೈಯಿಂದ ಅಲುಗಿಸಿ ಪರೀಕ್ಷಿಸಬೇಕು. ಶಾಖದ ಸೂಚಕ ಏರಿತೆಂದರೆ ಆ ಸರದಿ ಅಲ್ಲಿಗೇ ಮುಗಿಯಿತೆಂದು ತಿಳಿಯಬೇಕು.

ಹೊರಡುವ ಹಿಂದಿನ ರಾತ್ರಿ

ಕಾರಿನೊಳಗಿನ ಸಡಿಲ ವಸ್ತುಗಳೆಲ್ಲವೂ ಹೊರಬರಬೇಕು. ಸ್ಟೆಪ್ನಿ, ಜಾಕ್, ಕೊಡೆ, ನಾಣ್ಯಗಳು, ಚಾಲಕನ ಕಾಲಡಿಯ ಮ್ಯಾಟ್ ಇವನ್ನು ಟ್ರ್ಯಾಕಿಗೆ ಇಳಿಯುವ ಮುನ್ನ ಪಿಟ್‌ನಲ್ಲಿ ಇಳಿಸಿಡಬೇಕು. ಉರುಳಿಬಂದ ನೀರಿನ ಬಾಟಲಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಅದಕ್ಕಿಂತ ದೊಡ್ಡ ವಿಪತ್ತಿಲ್ಲ. ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿಯನ್ನು ತೆಗೆಯಲು ನನ್ನ ಶ್ರೀಮತಿಯವರು ಒಪ್ಪಲಿಲ್ಲ. ಕೊನೆಗೆ ಸ್ವಾಮಿಯನ್ನು ಕೆಂಪು ವಸ್ತ್ರದಲ್ಲಿ ಸುತ್ತಿ, ಚೀಲದಲ್ಲಿ ಟ್ರ್ಯಾಕಿನವರೆಗೆ ಒಯ್ದು, ಓಟ ಮುಗಿಯುವವರೆಗೆ ಪಿಟ್‌ನ ಮೇಜಿನ ಮೇಲೆ ಕೂರಿಸುವುದೆಂದು ರಾಜಿಯಾಯಿತು.

ಗಾಲಿಯ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಕಾರಿನ ಕೈಪಿಡಿ ಹೇಳಿದಷ್ಟೇ ಬಿಗಿದು, ಮೊದಲ ಸರದಿಯ ನಂತರ ಗಾಲಿ ತಣ್ಣಗಾದ ಮೇಲೆ ಮತ್ತೊಮ್ಮೆ ನೋಡಬೇಕು. ಕಾರನ್ನು ಎಳೆಯುವ ಕೊಂಡಿ ಎಲ್ಲಿದೆಯೆಂದು ತಿಳಿದಿರಬೇಕು.

ಚಾಲಕನ ಸಿದ್ಧತೆ

ನಮ್ಮ ಅಹಮದಾಬಾದ್ ಹತ್ತಿ ಬಟ್ಟೆಗೆ ಹೆಸರಾದದ್ದು, ಸೂರತ್ ಸಿಂಥೆಟಿಕ್ ಬಟ್ಟೆಗೆ. ಟ್ರ್ಯಾಕಿನ ವಿಷಯದಲ್ಲಿ ಅಹಮದಾಬಾದಿನ ಪಕ್ಷ ವಹಿಸಬೇಕು, ಸೂರತ್ತಿನ ಬಂಧುಗಳು ಕ್ಷಮಿಸಬೇಕು. ಬೆಂಕಿ ತಗುಲಿದರೆ ಸಿಂಥೆಟಿಕ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಪೂರ್ಣ ತೋಳಿನ ಹತ್ತಿಯ ಅಂಗಿ, ಉದ್ದನೆಯ ಪ್ಯಾಂಟು, ತೆಳು ಅಡಿಯ ಶೂ ಇರಲಿ. ಹೆಲ್ಮೆಟ್ ಕಡ್ಡಾಯ. ಯಾವ ದರ್ಜೆಯದು ಬೇಕೆಂದು ಸಂಘಟಕರನ್ನು ಮೊದಲೇ ಕೇಳಬೇಕು. ಕಾರಿನ ರೇಸಿಗೆಂದೇ ತಯಾರಾದ ಹೆಲ್ಮೆಟ್ಟುಗಳು ಬೆಂಕಿಯನ್ನೂ ತಾಳುತ್ತವೆ. ಕಂಪನಿಯ ಸೀಟ್ ಬೆಲ್ಟನ್ನು ಕಿತ್ತು, ಕಬ್ಬಿಣದ ರೋಲ್ ಬಾರ್ ಇಲ್ಲದ ಕಾರಿಗೆ ನಾಲ್ಕು ಪಟ್ಟಿಯ ರೇಸ್ ಬೆಲ್ಟ್ ಬಿಗಿಯುವ ಹುಚ್ಚು ಕೆಲವರಿಗಿದೆ. ಕಾರು ಪಲ್ಟಿಯಾಗಿ ಛಾವಣಿ ಕುಸಿದರೆ ದೇಹ ಬಾಗಲಾರದೆ ಕತ್ತಿಗೆ ಅಪಾಯ. ಅದು ಬೇಡ.

ಬಾವುಟಗಳ ಭಾಷೆ ಬಾಯಿಪಾಠವಾಗಿರಬೇಕು. ಹಳದಿ ಎಂದರೆ ಮುಂದೆ ಅಪಾಯ, ನಿಧಾನಿಸು, ಹಿಂದಿಕ್ಕಬೇಡ. ಕೆಂಪು ಎಂದರೆ ಸರದಿ ನಿಂತಿದೆ, ನಿಧಾನವಾಗಿ ಪಿಟ್‌ಗೆ ಬಾ. ನೀಲಿ ಎಂದರೆ ಹಿಂದೆ ವೇಗದ ಕಾರಿದೆ. ಹಳದಿ-ಕೆಂಪು ಪಟ್ಟೆ ಎಂದರೆ ನೆಲ ಜಾರುತ್ತಿದೆ. ಕಪ್ಪನ್ನು ತೋರಿಸಿದರೆ ತಪ್ಪು ನಿಮ್ಮದು ಅಥವಾ ನಿಮ್ಮ ಕಾರಿನದು, ಒಳಗೆ ಬಾ. ಮೊದಲ ದಿನ ಸಂಘಟಕರು ಕೊಡುವ ಶಿಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದೂ, ಕಾರಿನ ಎಲೆಕ್ಟ್ರಾನಿಕ್ ಸ್ಥಿರತಾ ವ್ಯವಸ್ಥೆಯನ್ನು ಆರಿಸದಿರುವುದೂ ವಿವೇಕ.

ಇದಕ್ಕೂ ಮೊದಲಿನ ಮೆಟ್ಟಿಲು ಗೋ-ಕಾರ್ಟ್. ಫಾರ್ಮುಲಾ 2ರವರೆಗೆ ಏರಿದ ಬೆಂಗಳೂರಿನ ಸಹೋದರರಾದ ಅರ್ಜುನ್ ಮೈನಿ, ಕುಶ್ ಮೈನಿ ಇಬ್ಬರೂ ಕಾರ್ಟಿನಿಂದಲೇ ಆರಂಭಿಸಿದವರು. ತಿರುವಿಗೆ ಮೊದಲು ಎಲ್ಲಿ ಬ್ರೇಕ್ ಒತ್ತಬೇಕು, ದೃಷ್ಟಿ ಎಲ್ಲಿರಬೇಕು ಎಂಬ ಮೂಲಪಾಠಗಳನ್ನು ಕಡಿಮೆ ಖರ್ಚಿನಲ್ಲಿ ಕಲಿಸುವ ಶಾಲೆ ಅದು.

ಕಾಗದಪತ್ರಗಳು

ಇಲ್ಲಿ ನನ್ನ ವೃತ್ತಿಯ ಮಾತು ಬರುತ್ತದೆ, ದಯವಿಟ್ಟು ಗಮನಿಸಿ. ನಿಮ್ಮ ಕಾರಿನ ವಿಮಾ ಪಾಲಿಸಿಯಲ್ಲಿ ಬಳಕೆಯ ಮಿತಿಗಳೆಂಬ ಭಾಗವನ್ನು ತೆಗೆದು ಓದಿ. ಸಂಘಟಿತ ರೇಸಿಂಗ್, ವೇಗ ಪರೀಕ್ಷೆ ಮುಂತಾದ ಉಪಯೋಗಗಳಿಗೆ ಪಾಲಿಸಿ ಅನ್ವಯಿಸದೆಂದು ಅಲ್ಲಿ ಬರೆದಿರುತ್ತದೆ. ಟ್ರ್ಯಾಕಿನಲ್ಲಿ ಕಾರು ಜಖಂ ಆದರೆ ಖರ್ಚು ಸಂಪೂರ್ಣ ನಿಮ್ಮದೆಂದೇ ತಿಳಿದು ಹೊರಡಬೇಕು. ಸಾಲದಲ್ಲಿ ಕೊಂಡ ಕಾರಾದರೆ ಅದು ಬ್ಯಾಂಕಿಗೆ ಅಡಮಾನವಾಗಿರುತ್ತದೆ. ಕಾರು ಗುಜರಿಗೆ ಹೋದರೂ ಕಂತು ನಿಲ್ಲುವುದಿಲ್ಲ. ಆದ್ದರಿಂದ ಸಾಲ ತೀರುವವರೆಗೆ ಆ ಕಾರು ಟ್ರ್ಯಾಕಿಗೆ ಬೇಡವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕಂಪನಿಯ ವಾರಂಟಿಯ ನಿಬಂಧನೆಗಳನ್ನೂ ಹಾಗೆಯೇ ಓದಬೇಕು.

ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಕಿವಿ ಕಿತ್ತುಹೋಗುವ ಸೈಲೆನ್ಸರ್, ಬಾಡಿಯಿಂದ ಹೊರಚಾಚಿದ ಗಾಲಿಗಳೊಡನೆ ರಸ್ತೆಗಿಳಿದರೆ ದಂಡ ಖಚಿತ. ಹೊಸ ದ್ರವ, ಒಳ್ಳೆಯ ಪ್ಯಾಡು, ಕಂಪನಿ ಅಳತೆಯ ಒಳ್ಳೆಯ ಟೈರು ಇವು ಕಾರಿನ ರೂಪವನ್ನು ಬದಲಿಸುವುದಿಲ್ಲ. ಅದೇ ಕಾಯ್ದೆಯ 189ನೆಯ ಕಲಮಿನಂತೆ, ಸರ್ಕಾರದ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಪಂದ್ಯ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ಬಳಿಕ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಉಂಟು. ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಸೆರೆ, 10,000 ರೂಪಾಯಿವರೆಗೆ ದಂಡ.

ಹಿರಿಯರಿಗೆ ನನ್ನ ಉತ್ತರ

ಆ ದಿನ ಊಟದ ಪಂಕ್ತಿಯಲ್ಲಿ ಕೇಳಿದ ಹಿರಿಯರಿಗೆ ಈಗ ಹೇಳುತ್ತೇನೆ: ಹುಡುಗನನ್ನು ಕಳುಹಿಸಿ, ಆದರೆ ಮೂರು ಷರತ್ತುಗಳಿರಲಿ. ಕಾರಿನ ಸಾಲ ತೀರಿರಬೇಕು. ಬ್ರೇಕ್ ಆಯಿಲ್ ನಿಮ್ಮ ಕಣ್ಣೆದುರೇ ಬದಲಾಗಬೇಕು. ರಾತ್ರಿಯ ಹೆದ್ದಾರಿ ಓಟ ಅಂದಿಗೆ ಮುಗಿಯಬೇಕು. ಸಾಧ್ಯವಾದರೆ ನೀವೂ ಜೊತೆಗೆ ಹೋಗಿ ಪಿಟ್‌ನಲ್ಲಿ ಕುಳಿತುಕೊಳ್ಳಿ. ಗಾಳಿಮಾಪಕದ ಅಂಕಿಗಳನ್ನು ಬರೆದುಕೊಳ್ಳಲು ಒಬ್ಬರು ಬೇಕೇ ಬೇಕು. ಬ್ಯಾಂಕಿನವರಾದರೆ ಇನ್ನೂ ಒಳ್ಳೆಯದು.

ನಮ್ಮ ಮಗನ ಪೆಡಲ್ ನೆಲಕ್ಕೆ ಹೋದ ಗಳಿಗೆಯನ್ನು ನಾನು ಇಂದಿಗೂ ನೆನೆಯುತ್ತೇನೆ. ಅವನ ಮುಂದೆ ಇದ್ದದ್ದು ಅದಕ್ಕೆಂದೇ ಬಿಟ್ಟ ಖಾಲಿ ಬಯಲು. ಅದೇ ಹಳೆಯ ದ್ರವ ತುಂಬಿದ ಅದೇ ಕಾರು ಅದಕ್ಕೆ ಹಿಂದಿನ ಎಷ್ಟೋ ಸಂಜೆ ಸರ್ಖೇಜ್-ಗಾಂಧಿನಗರ ಹೆದ್ದಾರಿಯಲ್ಲಿ ಓಡಿತ್ತು. ಅಲ್ಲಿ ಮುಂದೆ ಇದ್ದವರು ಮಾಣೆಕ್ ಚೌಕಿನಲ್ಲಿ ತಿಂಡಿ ತಿಂದು ಮಕ್ಕಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮನೆಗೆ ಹೊರಟವರು. ಮನೆಗೆ ಮರಳಿದ ಮೇಲೆ ಮಗ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಈಗ ಅವನು ಹೆದ್ದಾರಿಯಲ್ಲಿ ಕಾರು ಓಡಿಸುವಾಗ ಪಕ್ಕದಲ್ಲಿ ಕುಳಿತ ಅವನ ತಾಯಿ ನಿಶ್ಚಿಂತೆಯಿಂದ ನಿದ್ರಿಸುತ್ತಾರೆ.

ಈ ಕುರಿತು ಸಂದೇಹಗಳಿದ್ದಲ್ಲಿ ಸಂಘದ ಮುಂದಿನ ಸಭೆಯಲ್ಲಿ ಕೂಡಿ ಮಾತನಾಡೋಣ. ಎಲ್ಲರ ಪ್ರಯಾಣಗಳೂ ಸುಖಕರವಾಗಿರಲಿ.